ಯಾವ ಪಾಲಿಶ್ ಅಂತ ಕೇಳದೆ ಟೂತ್‌ಪೇಸ್ಟ್ ಉಜ್ಜಿಸುವವರ ಬಗ್ಗೆ

ಊಟದ ಟೇಬಲ್ ಮೇಲೆ ಬಿಸಿ ಪಾತ್ರೆ ಇಟ್ಟು ಬಿಳಿ ಮಚ್ಚೆ ಬಿತ್ತು ಅಂದರೆ ಸಾಕು, ಉಪದೇಶ ಶುರು. ಟೂತ್‌ಪೇಸ್ಟ್ ಉಜ್ಜಿ, ಅಡುಗೆ ಸೋಡಾ ಹಚ್ಚಿ, ನಿಂಬೆಹಣ್ಣು ತಿಕ್ಕಿ! ಅದು ಯಾವ ಪಾಲಿಶ್ ಅಂತ ಒಬ್ಬರಾದರೂ ಕೇಳುತ್ತಾರಾ?

ಬಿಳಿ ಮಚ್ಚೆ ಮರದಲ್ಲಿ ಇರುವುದೇ ಇಲ್ಲ ಸ್ವಾಮಿ. ಪಾಲಿಶ್ ಪದರದೊಳಗೆ ಸಿಕ್ಕಿಕೊಂಡ ತೇವ ಅದು. ಅರಗಿನ (ಶೆಲ್ಯಾಕ್) ಪಾಲಿಶ್ 70–80 ಡಿಗ್ರಿಗೇ ಮೆತ್ತಗಾಗುತ್ತದೆ. ಆಗಷ್ಟೇ ಒಲೆಯಿಂದ ಇಳಿಸಿದ ಕುಕ್ಕರಿನ ತಳ 100 ದಾಟಿರುತ್ತದೆ. ಟೂತ್‌ಪೇಸ್ಟ್‌ನಲ್ಲಿರೋದು ತರಿ ಪುಡಿ. ಉಜ್ಜಿದರೆ ಹೊಳಪು ಸವೆದು ಮಂಕು ಹತ್ತುತ್ತದೆ, ತೇವ ಇದ್ದಲ್ಲೇ ಇರುತ್ತದೆ. ಸೋಡಾ ಕ್ಷಾರ, ಅರಗಿಗೆ ಆಗಿಬರುವುದಿಲ್ಲ. ಕೆಳಗಿನ ತೇಗಕ್ಕೆ ತಾಗಿದರೆ ಮರವೂ ಕಪ್ಪಾಗಬಹುದು.

ಮೊದಲು ಟೇಬಲ್ಲಿನ ಅಡಿಭಾಗದಲ್ಲಿ, ಪಾಲಿಶ್ ಬಿದ್ದಿರುವ ಕಡೆ, ಒಂದು ಹನಿ ಸ್ಪಿರಿಟ್ (ಪಾಲಿಶ್ ಕೆಲಸದ ಆಲ್ಕೋಹಾಲ್) ಬಿಡಿ. ನಿಮಿಷದಲ್ಲಿ ಅಂಟಂಟಾದರೆ ಅರಗಿನ ಪಾಲಿಶ್. ಆಗದಿದ್ದರೆ ಬೇರೆ ಜಾಗದಲ್ಲಿ ಒಂದು ಹನಿ ಥಿನ್ನರ್, ಮೆತ್ತಗಾದರೆ ಲ್ಯಾಕರ್. ಎರಡಕ್ಕೂ ಜಗ್ಗದಿದ್ದರೆ ಮೆಲಮೈನ್ ಅಥವಾ ಪಿಯು (ಪಾಲಿಯುರೆಥೇನ್) ಎಂಬ ಗಟ್ಟಿ ಪಾಲಿಶ್.

ಶುರು ಮಾಡಬೇಕಾದದ್ದು ಒಣ ಶಾಖದಿಂದ. ಇಸ್ತ್ರಿ ಪೆಟ್ಟಿಗೆಯಲ್ಲಿ ನೀರು ಇರಕೂಡದು, ಶಾಖ ತೀರಾ ಕಡಿಮೆ ಇರಬೇಕು. ಬಿಳಿ ಹತ್ತಿ ಬಟ್ಟೆ ಮಡಿಸಿ ಹಾಸಿ, 4–5 ಸೆಕೆಂಡ್ ಒತ್ತಿ, ಎತ್ತಿ ನೋಡಿ. ಮಸುಕಾಗುತ್ತಿದ್ದರೆ ಮತ್ತೆ ಅಷ್ಟೇ. ಅವಸರಕ್ಕೆ ಅಲ್ಲೇ ಇಟ್ಟುಬಿಟ್ಟರೆ ಬಟ್ಟೆಯ ನೇಯ್ಗೆ ಪಾಲಿಶ್ ಮೇಲೆ ಅಚ್ಚಾಗುತ್ತದೆ. ಭಯವಿದ್ದರೆ ಹೇರ್ ಡ್ರೈಯರ್ ಅರ್ಧ ಅಡಿ ದೂರದಲ್ಲಿ, ಆಡಿಸುತ್ತಲೇ ಇರಬೇಕು. ಉಳಿದ ಮಸುಕಿಗೆ ರಾತ್ರಿ ವ್ಯಾಸಲೀನ್ ಹಚ್ಚಿಟ್ಟು ಬೆಳಿಗ್ಗೆ ಒರೆಸಿ.

ಅದಕ್ಕೂ ಹೋಗದಿದ್ದರೆ ಸ್ಪಿರಿಟ್, ಅದೂ ಅರಗಿನ ಪಾಲಿಶ್‌ಗೆ ಮಾತ್ರ. ಸ್ಪಿರಿಟ್ ಸೋಕಿಸಿದ ಬಟ್ಟೆಯನ್ನು ಅಂಗೈ ಹಿಂಭಾಗಕ್ಕೆ ತಾಗಿಸಿದರೆ ತಂಪು ಅನ್ನಿಸಬೇಕು, ಒದ್ದೆ ಅನ್ನಿಸಬಾರದು. ಸರ್ರನೆ ಒಂದು ಸಲ ಎಳೆದು ಕೈ ಎತ್ತಿ, ಒಣಗಲು ಬಿಡಿ. ನಡುವೆ ನಿಂತಿರೋ, ಪಾಲಿಶ್ ಕಿತ್ತು ಬರುತ್ತದೆ. ಬೆಂಕಿ, ಬಿಸಿ ಇಸ್ತ್ರಿ ಹತ್ತಿರ ಬೇಡವೇ ಬೇಡ.

ಕಪ್ಪು ಕಲೆಯ ಕಥೆಯೇ ಬೇರೆ. ನೀರು, ಕಬ್ಬಿಣ, ಮರದ ಟ್ಯಾನಿನ್ (ಒಗರು ಅಂಶ) ಸೇರಿ ಮರದೊಳಗೇ ಆದದ್ದಾದರೆ ಪಾಲಿಶ್ ತೆಗೆದು ಆಕ್ಸಾಲಿಕ್ ಆಮ್ಲವೇ ಬೇಕು. ಸುಟ್ಟು ಕಪ್ಪಾಗಿದ್ದರೆ ಹೆರೆಯಲೇಬೇಕು.

ಇನ್ನು ಕೆಲವು ಪಾಲಿಶ್ ಕೆಲಸದವರು. ಇಸ್ತ್ರಿಗೆ ಹೋಗುವ ಬಿಳಿ ಮಚ್ಚೆ ನೋಡಿಯೂ “ಪೂರ್ತಿ ಕೆರೆದು ಹೊಸದಾಗಿ ಹೊಡೀಬೇಕು” ಅನ್ನುತ್ತಾರೆ. ಗೊತ್ತಿದ್ದೂ ಹೀಗೆ ಹೇಳುವುದು ಸುಲಿಗೆ. ಅಂಗಡಿಯವರಂತೂ ತೇಗ, ಬೀಟೆ ಅಂತ ಮರದ ಜಾತಿ ಹೇಳಿ ಹಣ ಎಣಿಸಿಕೊಳ್ಳುತ್ತಾರೆ, ಮೇಲೆ ಬಳಿದದ್ದೇನು ಅಂತ ಬಾಯಿ ಬಿಡುವುದಿಲ್ಲ. ಬಿಲ್ಲಿನಲ್ಲಿ ಪಾಲಿಶ್ ಹೆಸರು ಒಂದು ಸಾಲು ಬರೆಯಲು ಏನ್ರೀ ಕಷ್ಟ ನಿಮಗೆ?