ಮೂರು ಸ್ಟಾರಿನ ಮಹನೀಯರು

ಚೌತಿಯ ಹಿಂದಿನ ದಿನ, ಅರ್ಧ ಅರೆದ ಉದ್ದಿನಬೇಳೆಯ ನಡುವೆಯೇ ನಮ್ಮ ಡೊಂಬಿವಲಿ ಮನೆಯ ಗ್ರೈಂಡರು ಕಣ್ಣು ಮುಚ್ಚಿತು. ಹೊಸದನ್ನು ಹುಡುಕುವ ಹೊಣೆ ನನ್ನ ತಲೆಗೆ ಬಿತ್ತು. ಅಂದಿನಿಂದ ದಾದರ್‌ವರೆಗಿನ ಲೋಕಲ್‌ನಲ್ಲಿ ಒಂದು ಕೈ ಮೇಲಿನ ಹಿಡಿಕೆಗೆ, ಇನ್ನೊಂದು ಕೈ ಮೊಬೈಲಿನ ರಿವ್ಯೂಗಳಿಗೆ.

ಐದು ಸ್ಟಾರಿನವರ ಉತ್ಸಾಹ ನೋಡಬೇಕು. ‘ಈಗಷ್ಟೇ ಬಂತು, ಇನ್ನೂ ಬಿಚ್ಚಿಲ್ಲ, ಪ್ಯಾಕಿಂಗ್ ಸೂಪರ್!’ ಹೆಣ್ಣು ನೋಡಿ ಬಂದ ಸಂಜೆಯೇ ದಾಂಪತ್ಯದ ಸುಖ ಬಣ್ಣಿಸಿದ ಹಾಗೆ. ಒಂದು ಸ್ಟಾರಿನವರದು ಬೇರೆ ಜಗಳ: ಲಿಫ್ಟ್ ಕೆಟ್ಟಿತ್ತೆಂದು ಡೆಲಿವರಿ ಹುಡುಗ ಪಾರ್ಸೆಲ್ಲನ್ನು ವಾಚ್‌ಮನ್ ಹತ್ತಿರ ಬಿಟ್ಟುಹೋದನಂತೆ, ಶಿಕ್ಷೆ ಗ್ರೈಂಡರಿಗೆ. ಒಂದು ಕಡೆಯಂತೂ ‘ಎರಡು ಸಲ ಒಗೆದರೂ ಬಣ್ಣ ಹೋಗಲಿಲ್ಲ’ ಎಂದಿತ್ತು. ಆ ಪುಟದಲ್ಲಿ ಮೊದಲು ಬೆಡ್‌ಶೀಟ್ ಮಾರುತ್ತಿದ್ದರೇನೋ. ಸರಕು ಬದಲಾಯಿತು, ಹೊಗಳಿಕೆ ಉಳಿಯಿತು.

ನಾನು ನಂಬಿದ್ದು ಮೂರು ಸ್ಟಾರಿನ ಒಬ್ಬ ಮಹಾತಾಯಿಯನ್ನು. ‘ಹಿಟ್ಟು ಬೆಣ್ಣೆ. ಸದ್ದಿಗೆ ಕೆಳಗಿನ ಮನೆಯವರು ಬಂದು ಬಾಗಿಲು ಬಡಿದರು. ನಾಲ್ಕು ಲೋಟಕ್ಕಿಂತ ಹೆಚ್ಚು ಅಕ್ಕಿ ಹಾಕಬೇಡಿ, ಉಕ್ಕುತ್ತದೆ. ಆರು ತಿಂಗಳಿಗೆ ಬೆಲ್ಟ್ ಸಡಿಲ.’ ಈಕೆ ಅರೆದವಳು, ಒರೆಸಿದವಳು, ಬೈಸಿಕೊಂಡವಳು! ಮಾಟುಂಗದ ಉಡುಪಿ ಹೋಟೆಲುಗಳಲ್ಲೂ ಇಂಥ ಹಿರಿಯರಿದ್ದಾರೆ. ಸಾಂಬಾರಿಗೆ ಮೊದಲಿನ ರುಚಿಯಿಲ್ಲ ಎಂದು ದಿನಾ ಗೊಣಗುತ್ತಾರೆ, ಮರುದಿನ ಅದೇ ಬಾಗಿಲಲ್ಲಿ ಕಾಯುತ್ತಾರೆ. ಬೋರ್ಡಿಗಿಂತ ನನಗೆ ಆ ಗೊಣಗೇ ಪ್ರಮಾಣ.

ಸರ್ಕಾರವೂ ಸುಮ್ಮನೆ ಕೂತಿಲ್ಲ. ಸರಕುಗಳ ಗುಣಮಟ್ಟಕ್ಕೆ ಮಾನದಂಡ ಬರೆಯುವ ಸರ್ಕಾರಿ ಸಂಸ್ಥೆ ಬಿಐಎಸ್ 2022ರಲ್ಲೇ ಆನ್‌ಲೈನ್ ರಿವ್ಯೂಗಳಿಗೆಂದು ಐಎಸ್ 19000 ಎಂಬ ಮಾನದಂಡ ತಂದಿತು. ಬರೆದವರು ನಿಜವಾದ ಮನುಷ್ಯರೇ ಎಂದು ಖಾತ್ರಿಮಾಡಿಕೊಳ್ಳಬೇಕು, ದುಡ್ಡು ಕೊಟ್ಟು ಬರೆಸಿದ್ದನ್ನು ಹಾಕಬಾರದು ಎಂದೆಲ್ಲ ಅದರಲ್ಲಿದೆ. ಆದರೆ ತಂದಾಗ ಅದು ಕಡ್ಡಾಯವಲ್ಲ, ಮನಸ್ಸಿದ್ದವರು ಪಾಲಿಸುವಂಥದು. ನಮ್ಮ ಸೊಸೈಟಿಯ ಪಾರ್ಕಿಂಗ್ ನಿಯಮದ ಹಾಗೆ.

ಕೊನೆಗೂ ಗ್ರೈಂಡರು ಬಂತು. ಡಬ್ಬದೊಳಗೆ ಒಂದು ಬಣ್ಣದ ಚೀಟಿ: ಐದು ಸ್ಟಾರ್ ಕೊಟ್ಟು ಸ್ಕ್ರೀನ್‌ಶಾಟ್ ಕಳಿಸಿದರೆ ನೂರು ರೂಪಾಯಿ. ಇವಳು ಅದನ್ನು ಮಡಚಿ ಅಲ್ಲಾಡುತ್ತಿದ್ದ ಸ್ಟೂಲಿನ ಕಾಲಡಿ ಇಟ್ಟಳು. ಅತ್ತೆ ಅಂದೇ ಹಿಟ್ಟು ಅರೆದರು, ಬೆಳಿಗ್ಗೆ ಇಡ್ಲಿಯೂ ಹೂವಿನಂತೆ ಬಂತು.

“ಎಷ್ಟು ಸ್ಟಾರ್ ಕೊಡುವ ಅತ್ತೆ?” ಎಂದೆ.

“ಕಲ್ಲು ಎತ್ತುವಾಗ ಸೊಂಟ ಹಿಡೀತದೆ,” ಎಂದರು. “ದೀಪಾವಳಿ ಕಳೀಲಿ ಮಾರಾಯ್ರೆ, ಆಮೇಲೆ ಹೇಳ್ತೇನೆ.”