ಇಪ್ಪತ್ತನಾಲ್ಕು ದಿನ ಮುಂದಿರುವ ಗಡಿಯಾರ

ಖಜಾನೆ ಇಲಾಖೆಯಲ್ಲಿ ಮೂವತ್ತಾರು ವರ್ಷ ಕೆಲಸ ಮಾಡಿ ನಿವೃತ್ತರಾದ ನನ್ನ ಅಪ್ಪನಿಗೆ ಪ್ರವಾಸವೂ ಒಂದು ಬಿಲ್ಲೇ. ಬಾಬು ಬಾಬಾಗಿ ಪರಿಶೀಲಿಸಿ, ಟಿಕ್ ಹಾಕಿ, ಷರಾ ಬರೆದು ಮುಗಿಸದೆ ಅವರಿಗೆ ನೆಮ್ಮದಿಯಿಲ್ಲ. ಸೆಪ್ಟೆಂಬರ್ ಕೊನೆಯಲ್ಲಿ ಅಮ್ಮನೊಡನೆ ಮೈಸೂರಿನಿಂದ ಬರ್ಲಿನ್ನಿನ ನನ್ನ ಮನೆಗೆ ಬಂದವರು, ಅಕ್ಟೋಬರ್ ಮೊದಲ ವಾರಾಂತ್ಯಕ್ಕೆ ನಾನು ಪ್ರಾಗ್ ಪ್ರವಾಸ ಗೊತ್ತುಮಾಡಿರುವೆನೆಂದು ತಿಳಿದ ದಿನವೇ ಇನ್ನೂರು ಪುಟದ ನೋಟುಪುಸ್ತಕವೊಂದಕ್ಕೆ ಗೀಟು ಹಾಕಿ, ಕ್ರಮಸಂಖ್ಯೆ, ಸ್ಥಳ, ವೇಳೆ, ಷರಾ ಎಂಬ ನಾಲ್ಕು ಕಲಮುಗಳಲ್ಲಿ ಹದಿನೇಳು ಸ್ಥಳಗಳನ್ನು ತುಂಬಿಸಿದರು. ಶುಕ್ರವಾರ ರಾತ್ರಿ ತಲುಪಿ ಭಾನುವಾರ ಸಂಜೆ 4.30ರ ರೈಲು ಹಿಡಿಯುವವರಿಗೆ ಹದಿನೇಳು ಸ್ಥಳ ಹೆಚ್ಚಾಯಿತೆಂದು ನಾನು ಹೇಳಿದಾಗ, ಮಾರ್ಚ್ 31ರ ರಾತ್ರಿ ತಾವು ಎಷ್ಟು ಬಿಲ್ಲು ಪಾಸು ಮಾಡುತ್ತಿದ್ದರೆಂಬುದನ್ನು ಅವರು ನನಗೆ ನೆನಪಿಸಿದರು.

ಕ್ರಮಸಂಖ್ಯೆ ಒಂದು, ಹಳೆಯ ಪುರಭವನದ ಗೋಡೆಯ ಖಗೋಳ ಗಡಿಯಾರ. ವೇಳೆ, ಶನಿವಾರ ಬೆಳಿಗ್ಗೆ 10. 1410ರಲ್ಲಿ ಕೂರಿಸಿದ ಈ ಗಡಿಯಾರದ ನೆತ್ತಿಯ ಮೇಲಿನ ಎರಡು ಪುಟ್ಟ ಕಿಟಕಿಗಳು ಬೆಳಿಗ್ಗೆ ಒಂಬತ್ತರಿಂದ ರಾತ್ರಿ ಹನ್ನೊಂದರವರೆಗೆ ಪ್ರತಿ ಗಂಟೆಗೂ ತೆರೆದುಕೊಳ್ಳುತ್ತವೆ, ಯೇಸುವಿನ ಹನ್ನೆರಡು ಮಂದಿ ಅಪೊಸ್ತಲರು ಸಾಲಾಗಿ ಬಂದು ಮುಖ ತೋರಿಸಿ ಹೋಗುತ್ತಾರೆ, ಒಂದು ನಿಮಿಷದೊಳಗೆ ಎಲ್ಲವೂ ಮುಗಿಯುತ್ತದೆ. ದಿನಕ್ಕೆ ಹದಿನೈದು ಬಾರಿ ನಡೆಯುವ ಆಟವನ್ನು ತಪ್ಪಿಸಿಕೊಳ್ಳುವುದಕ್ಕೆ ವಿಶೇಷ ಪ್ರತಿಭೆಯೇ ಬೇಕು. ನಮ್ಮ ಮೂವರಲ್ಲಿ ಅದು ಸಮನಾಗಿ ಹಂಚಿಕೆಯಾಗಿತ್ತು.

ಮೊದಲನೆಯ ಕಾಣಿಕೆ ಅಮ್ಮನದು. ಶನಿವಾರ ರಾಹುಕಾಲ 9ರಿಂದ 10.30, ಅದು ಮುಗಿಯದೆ ಹೊಸ ಊರಿನಲ್ಲಿ ಹೊಸ್ತಿಲು ದಾಟುವಂತಿಲ್ಲವೆಂದು ಹೋಟೆಲಿನ ಕೋಣೆಯಲ್ಲಿ ಅವಳು ಕುಳಿತೇಬಿಟ್ಟಳು. ಹತ್ತೂವರೆಗೆ ಚಪ್ಪಲಿ ಮೆಟ್ಟುವ ಹೊತ್ತಿಗೆ ಸರಿಯಾಗಿ ಅಪ್ಪನೊಳಗಿನ ಲೆಕ್ಕಪರಿಶೋಧಕ ಎಚ್ಚೆತ್ತರು. ರಾಹುಕಾಲವನ್ನು ಆಯಾ ಊರಿನ ಸೂರ್ಯೋದಯದಿಂದ ಸೂರ್ಯಾಸ್ತದವರೆಗಿನ ಹೊತ್ತನ್ನು ಎಂಟು ಭಾಗ ಮಾಡಿ ಲೆಕ್ಕ ಹಾಕಬೇಕಲ್ಲವೇ, ಇಲ್ಲಿ ಸೂರ್ಯ ಹುಟ್ಟಿದ್ದೇ ಏಳು ದಾಟಿದ ಮೇಲಲ್ಲವೇ ಎಂದು ಕೇಳಿ, ನೋಟುಪುಸ್ತಕದ ಕೊನೆಯ ಪುಟದಲ್ಲಿ ಭಾಗಾಕಾರ ಮಾಡಿ, ಪ್ರಾಗ್ ನಗರದ ರಾಹುಕಾಲ ಸುಮಾರು ಹತ್ತಕ್ಕೆ ಆರಂಭವಾಗಿ 11.20ರವರೆಗೆ ಇದೆಯೆಂದು ಪ್ರಕಟಿಸಿದರು. “ಹಾಗಾದರೆ ಇಷ್ಟು ಹೊತ್ತು ಕೂತದ್ದು?” ಎಂದು ನಾನು ಕೇಳಿದೆ. “ಅದು ಮೈಸೂರಿನದು ಕಣೇ” ಎಂದಳು ಅಮ್ಮ, ಚಪ್ಪಲಿ ಬಿಚ್ಚುತ್ತ. ಹೀಗೆ ಒಂದೇ ಬೆಳಿಗ್ಗೆ ಎರಡು ಊರಿನ ರಾಹುಕಾಲವನ್ನು ಆಚರಿಸಿದ ಬಳಿಕ, ಚಕ್ಕಡಿ ಕಾಲದ ಕಲ್ಲುಹಾಸಿನ ಮೇಲೆ ಎಡವುತ್ತ ತಡವುತ್ತ ನಾವು ಗಡಿಯಾರದ ಕೆಳಗೆ ನಿಂತಾಗ ಹನ್ನೆರಡಕ್ಕೆ ಹತ್ತು ನಿಮಿಷವಿತ್ತು.

ಆ ಹತ್ತು ನಿಮಿಷ ಸುಮ್ಮನೆ ನಿಂತಿದ್ದರೆ ಸಾಕಿತ್ತು. ನಿಲ್ಲಲಾಗಲಿಲ್ಲ. ಸುತ್ತ ನೆರೆದಿದ್ದ ನೂರಾರು ಜನ ಮೊಬೈಲು ಎತ್ತಿ ಕಿಟಕಿಗಳ ಮೇಲೇ ಕಣ್ಣಿಟ್ಟಿರುವಾಗ, ಅಮ್ಮ ಮಾತ್ರ ಕೆಳಗಿನ ನೀಲಿ ತಟ್ಟೆಯನ್ನು ದಿಟ್ಟಿಸುತ್ತಿದ್ದಳು. ನಾನು ಓದಿಕೊಂಡು ಬಂದದ್ದನ್ನು ಒಪ್ಪಿಸಿದೆ: ಹೊರಗಿನ ಬಳೆಯ 24 ಅಂಕಿಗಳು ಸೂರ್ಯಾಸ್ತದಿಂದ ದಿನವನ್ನೆಣಿಸುವ ಹಳೆಯ ಬೊಹೀಮಿಯಾದ ಪದ್ಧತಿಯವು, ರೋಮನ್ ಅಂಕಿಗಳು ಇಂದಿನ ಗಂಟೆಯವು, ತಟ್ಟೆಯ ಮೇಲೆ ಬಾಗಿದ ಹೊಂಬಣ್ಣದ ಗೆರೆಗಳು, ಸೂರ್ಯ ಹುಟ್ಟಿ ಮುಳುಗುವ ತನಕದ ಹೊತ್ತನ್ನು ಹನ್ನೆರಡು ಪಾಲು ಮಾಡಿ ಬೇಸಿಗೆಯಲ್ಲಿ ಉದ್ದ, ಚಳಿಗಾಲದಲ್ಲಿ ಗಿಡ್ಡ ಗಂಟೆಗಳನ್ನು ಕೊಡುವಂಥವು. ಎಲ್ಲ ಪ್ರವಾಸಿಗರೂ ತಲೆ ಕೆರೆದುಕೊಳ್ಳುವ ಈ ಕಡೆಯ ಸಂಗತಿ ಅಮ್ಮನಿಗೆ ಮಾತ್ರ ಕಾಫಿ ಪುಡಿಯ ಅಳತೆಯಷ್ಟು ಸಲೀಸಾಗಿ ಅರ್ಥವಾಯಿತು. “ನೋಡ್ರೀ, ಇದರಲ್ಲಿ ಮೂರನೇ ಗೆರೆಯಿಂದ ನಾಲ್ಕೂವರೆಯವರೆಗೆ ಶನಿವಾರದ ರಾಹುಕಾಲ. ಭಾಗಾಕಾರ ಮಾಡುವ ಕೆಲಸವೇ ಇಲ್ಲ. ಇವರಿಗೂ ಎಲ್ಲ ಗೊತ್ತಿತ್ತು” ಎಂದಳು. ಕಡಾನ್ ಊರಿನ ಮಿಕುಲಾಶ್ ಎಂಬ ಕುಶಲಕರ್ಮಿ, ವಿಶ್ವವಿದ್ಯಾಲಯದ ಗಣಿತಜ್ಞ ಯಾನ್ ಶಿಂಡೆಲ್ ನೆರವಿನಿಂದ ಕಟ್ಟಿದ ಯಂತ್ರಕ್ಕೆ ಆರುನೂರು ವರ್ಷಗಳಲ್ಲಿ ಇಂಥ ಪ್ರಶಸ್ತಿ ಸಿಕ್ಕಿರಲಾರದು.

ಆದರೆ ಪ್ರಶಸ್ತಿ ಎರಡು ನಿಮಿಷವೂ ಉಳಿಯಲಿಲ್ಲ. ಗಡಿಯಾರದಲ್ಲಿ ಸೂರ್ಯನನ್ನು ಹೊತ್ತು ತಿರುಗುವ ರಾಶಿಚಕ್ರದ ಬಳೆಯೊಂದಿದೆ. ಅದರಲ್ಲಿ ಸೂರ್ಯ ಎಲ್ಲಿದ್ದಾನೆಂದು ಅಮ್ಮ ಕೇಳಿದಳು. ತುಲಾ ರಾಶಿಯಲ್ಲಿ ಎಂದೆ. “ತುಲಾ? ಇವತ್ತು?” ಎಂದು ನನ್ನನ್ನು ಹೀಗೆ ನೋಡಿದಳು, ಆ ಬೊಂಬೆಯನ್ನು ಅಲ್ಲಿ ಕೂರಿಸಿದವಳು ನಾನೇ ಎನ್ನುವಂತೆ. ಅವಳ ತವರು ಭಾಗಮಂಡಲ. ತುಲಾ ಸಂಕ್ರಮಣಕ್ಕೆ ತಲಕಾವೇರಿಯಲ್ಲಿ ತೀರ್ಥೋದ್ಭವವಾಗುವುದನ್ನು ಕಾಯುತ್ತ ಬೆಳೆದವಳಿಗೆ, ಅದು ಅಕ್ಟೋಬರ್ 17ರ ಸುಮಾರಿಗೆ ಬರುವುದೆಂದು ಯಾವ ಗಡಿಯಾರವೂ ಹೇಳಿಕೊಡಬೇಕಿಲ್ಲ. ಪಾಶ್ಚಾತ್ಯರದು ಸಾಯನ ಲೆಕ್ಕ, ವಿಷುವ ಬಿಂದುವನ್ನೇ ಮೊದಲಾಗಿ ಹಿಡಿಯುತ್ತಾರೆ, ಆದ್ದರಿಂದ ಅವರ ಸೂರ್ಯ ಸೆಪ್ಟೆಂಬರ್ 23ರ ಹೊತ್ತಿಗೇ ತುಲೆಗೆ ಕಾಲಿಡುತ್ತಾನೆ. ನಮ್ಮದು ನಕ್ಷತ್ರಗಳನ್ನು ನೆಚ್ಚಿದ ನಿರಯನ ಲೆಕ್ಕ, ಎರಡಕ್ಕೂ ಈಗ ಇಪ್ಪತ್ತನಾಲ್ಕು ಅಂಶಗಳಷ್ಟು ಅಂತರವಿದೆ ಎಂದು ನಾನು ವಿವರಿಸತೊಡಗಿದೆ. ಅಪ್ಪ ಮಧ್ಯೆ ಬಂದು, ಅಂತರವಿದ್ದರೆ ವಾರ್ಷಿಕ ತಾಳೆಪಟ್ಟಿಯಲ್ಲಿ ಸರಿಪಡಿಸಬೇಕಿತ್ತು ಎಂದರು. “ಕಾವೇರಿಗೆ ಗೊತ್ತಿರುವುದು ಇವರಿಗೆ ಗೊತ್ತಿಲ್ಲವೇ? ಈ ಗಡಿಯಾರ ಇಪ್ಪತ್ತನಾಲ್ಕು ದಿನ ಮುಂದಿದೆ” ಎಂದು ಅಮ್ಮ ತೀರ್ಪು ಕೊಟ್ಟಳು. ಮೂವರೂ ಗಡಿಯಾರಕ್ಕೆ ಬೆನ್ನು ಮಾಡಿ ಒಬ್ಬರಿಗೊಬ್ಬರು ಎದುರಾಗಿ ನಿಂತು ಈ ಖಟ್ಲೆಯನ್ನು ನಡೆಸುತ್ತಿರುವಾಗ ಸುತ್ತಲಿನ ಜನ “ಓ” ಎಂದರು, ಕೋಳಿಯೊಂದು ಗಂಟಲು ಕೆಟ್ಟಂತೆ ಕೂಗಿತು, ಗಂಟೆ ಹೊಡೆಯತೊಡಗಿತು. ತಿರುಗಿದಾಗ ಕಿಟಕಿಗಳು ಮುಚ್ಚಿದ್ದವು.

ಕ್ರಮಸಂಖ್ಯೆ ಒಂದನ್ನು ಬಾಕಿ ಇಟ್ಟು, 22ನೆಯ ಟ್ರ್ಯಾಮ್ ಹತ್ತಿ ಕೋಟೆಯ ಕಡೆಗೆ ಹೋದೆವು. ಇಲ್ಲಿ ಟಿಕೆಟ್ ಕೊಂಡರೆ ಮುಗಿಯುವುದಿಲ್ಲ. ಹಳದಿ ಪೆಟ್ಟಿಗೆಯೊಂದಕ್ಕೆ ತೂರಿಸಿ ವೇಳೆಯ ಮುದ್ರೆ ಹಾಕಿಸಿದಾಗಲೇ ಅದಕ್ಕೆ ಜೀವ ಬರುವುದು, ಅದೂ ಒಂದೇ ಒಂದು ಬಾರಿ. ಮುದ್ರೆಯೆಂಬ ಮಾತು ಕೇಳಿದ ಕೂಡಲೇ ಅಪ್ಪನ ಮುಖ ಅರಳಿತು. ಶುಕ್ರವಾರ ರಾತ್ರಿ ಮೆಟ್ರೋದಲ್ಲಿ ಒಮ್ಮೆ, ಈಗ ಟ್ರ್ಯಾಮಿನ ಬಾಗಿಲಲ್ಲಿ ಒಮ್ಮೆ, ಮೊದಲ ಅಚ್ಚು ಮಸುಕಾಗಿದೆಯೆಂದು ಮತ್ತೊಮ್ಮೆ, ಹೀಗೆ ತಮ್ಮ ದಿನದ ಟಿಕೆಟ್ಟಿಗೆ ಮೂರು ಮುದ್ರೆ ಒತ್ತಿಸಿದ್ದರು. ಸಾದಾ ಉಡುಪಿನ ತಪಾಸಣೆಯವರು ಬಿಲ್ಲೆ ತೋರಿಸಿ ಕೇಳಿದಾಗ ಅಪ್ಪ ಅದನ್ನು ಹೆಮ್ಮೆಯಿಂದ ಮುಂದೆ ಹಿಡಿದರು. ಆತ ಬೆಳಕಿಗೆ ಹಿಡಿದು ನೋಡಿದ. ಒಂದರ ಮೇಲೊಂದು ಬಿದ್ದ ಅಂಕಿಗಳಲ್ಲಿ ಯಾವ ಶತಮಾನವೂ ಸ್ಪಷ್ಟವಿರಲಿಲ್ಲ. ನಾನು ಅರೆಬರೆ ಜರ್ಮನ್‌ನಲ್ಲಿ ಅಂಗಲಾಚಿದ ಮೇಲೆ ಹೊಸ ಟಿಕೆಟ್ ಕೊಳ್ಳಲು ಹೇಳಿ ಬಿಟ್ಟುಬಿಟ್ಟ. “ಮೂರು ಮುದ್ರೆಯಿದ್ದರೂ ತಿರಸ್ಕರಿಸುವ ಕಚೇರಿಯನ್ನು ಇದೇ ಮೊದಲು ನೋಡಿದ್ದು” ಎಂದು ಅಪ್ಪ ಬಹಳ ಹೊತ್ತು ಗೊಣಗಿದರು.

ಕೋಟೆಯಲ್ಲಿ ಹೇಳುವಂಥ ಅವಘಡವೇನೂ ಆಗಲಿಲ್ಲ. ಸಂತ ವಿಟಸ್ ಕೆಥೆಡ್ರಲ್ಲಿನ ಕಟ್ಟಡ 1344ರಲ್ಲಿ ಆರಂಭವಾಗಿ 1929ರಲ್ಲಿ ಪೂರ್ಣಗೊಂಡಿತೆಂದು ಕೇಳಿ ಅಪ್ಪ ಟೋಪಿ ತೆಗೆದರು. ಭಕ್ತಿಯಿಂದಲ್ಲ, 585 ವರ್ಷಗಳಲ್ಲಿ ಅಂದಾಜು ಪಟ್ಟಿಯನ್ನು ಎಷ್ಟು ಬಾರಿ ಪರಿಷ್ಕರಿಸಿರಬೇಕೆಂಬ ಗೌರವದಿಂದ.

ಊಟದ ವಿಷಯವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಕೋಟೆಯ ಬುಡದ ಮಾಲಾ ಸ್ತ್ರಾನಾ ಬಡಾವಣೆಯ ಪುಟ್ಟ ಹೋಟೆಲೊಂದರಲ್ಲಿ, ಹಂದಿ, ಬಾತುಕೋಳಿ, ದನಗಳ ನಡುವೆ ಸಸ್ಯಾಹಾರಿಗೆ ಉಳಿದ ಒಂದೇ ದಾರಿ ‘ಸ್ಮಾಜೆನಿ ಸೀರ್’. ಅಂಗೈಯಗಲದ ಚೀಸ್ ತುಂಡಿಗೆ ರೊಟ್ಟಿಪುಡಿ ಹೊದಿಸಿ ಎಣ್ಣೆಯಲ್ಲಿ ಕರಿದದ್ದು. ಅದನ್ನು ತರಲು ಹೇಳಿ ನಾನು ಕೈತೊಳೆಯಲು ಹೋದೆ. ಅಷ್ಟರೊಳಗೆ ಅಮ್ಮನಿಗೆ ಅನುಮಾನ ಬಂದು, ಇದಕ್ಕೆ ಮೊಟ್ಟೆ ಹಾಕುತ್ತಾರೆಯೇ ಎಂದು ಕೇಳಲು ಅಪ್ಪನನ್ನು ಒತ್ತಾಯಿಸಿದಳಂತೆ. ಅಪ್ಪ ಗಾಳಿಯಲ್ಲಿ ಮೊಟ್ಟೆಯ ಆಕಾರ ಬರೆದು “ಎಗ್? ಎಗ್?” ಎಂದರಂತೆ. ವಯಸ್ಸಾದ ಮಾಣಿ ತಲೆಯಾಡಿಸಿ, ಸೌಜನ್ಯದಿಂದ “ಅನೊ” ಎಂದನಂತೆ. “ಆ... ನೋ ಅಂದ. ಇಲ್ಲವಂತೆ” ಎಂದು ಅಪ್ಪ ಅನುವಾದಿಸಿದರು. ತಲೆಯಾಡಿಸಿದ ರೀತಿಯ ಮೇಲೆ ಅನುಮಾನ ಪಡಬಹುದಿತ್ತು. ಆದರೆ ಆ ವಿಷಯದಲ್ಲಿ ನಾವು ಭಾರತೀಯರು ಇನ್ನೊಬ್ಬರಿಗೆ ಆಕ್ಷೇಪಣೆ ಎತ್ತುವ ಸ್ಥಿತಿಯಲ್ಲಿಲ್ಲ. ನಾನು ಮರಳಿ ಬಂದಾಗ ಅಮ್ಮ ಎರಡನೆಯ ತುಂಡಿಗೆ ಕೈಹಾಕಿದ್ದಳು, ಪಕ್ಕದ ಬಟ್ಟಲಿನ ಬಿಳಿ ಚಟ್ನಿ ಪೂರ್ತಿ ಖಾಲಿಯಾಗಿತ್ತು. “ಬಜ್ಜಿಯ ಹಾಗೇ ಇದೆ ಕಣೇ” ಎಂದಳು. ಹೊಟ್ಟೆ ತಣ್ಣಗಿದ್ದ ಹೊತ್ತಿನಲ್ಲಿ ನಾನು ಏನನ್ನೂ ಕೇಳಲು ಹೋಗಲಿಲ್ಲ.

ಅಲ್ಲಿಂದ ಚಾರ್ಲ್ಸ್ ಸೇತುವೆ. ನಾಲ್ಕನೆಯ ಚಾರ್ಲ್ಸ್ ದೊರೆ ಇದಕ್ಕೆ 1357ರ ಜುಲೈ 9ರಂದು ಬೆಳಗಿನ 5.31ಕ್ಕೆ ಅಡಿಗಲ್ಲು ಹಾಕಿದನೆಂದೂ, ವರ್ಷ, ದಿನ, ತಿಂಗಳು, ಗಂಟೆ, ನಿಮಿಷಗಳನ್ನು ಸಾಲಾಗಿ ಬರೆದರೆ 1 3 5 7 9 7 5 3 1 ಎಂದು ಏರಿ ಇಳಿಯುವಂತೆ ಜೋಯಿಸರು ಆ ಗಳಿಗೆಯನ್ನು ಆರಿಸಿಕೊಟ್ಟರೆಂದೂ ಕಥೆಯಿದೆ. ಬ್ರಾಹ್ಮೀ ಮುಹೂರ್ತದ ಹೊತ್ತಿಗೇ ಎದ್ದು ಗುದ್ದಲಿಪೂಜೆ ಮಾಡಿದ ದೊರೆಯ ಬಗ್ಗೆ ಅಮ್ಮನಿಗೆ ಅಪಾರ ಅಭಿಮಾನ ಹುಟ್ಟಿತು. ಆ ಉಮೇದಿನಲ್ಲಿ ನಾನು ಎರಡನೆಯ ಕಥೆಯನ್ನೂ ಹೇಳಿಬಿಟ್ಟೆ. ಗಾರೆ ಗಟ್ಟಿಯಾಗಲೆಂದು ಚಾರ್ಲ್ಸ್ ರಾಜ್ಯದ ಊರೂರಿನಿಂದ ಮೊಟ್ಟೆ ತರಿಸಿದನಂತೆ. ವೆಲ್ವಾರಿ ಎಂಬ ಊರಿನವರು ದಾರಿಯಲ್ಲಿ ಒಡೆಯದಿರಲೆಂದು ಎಲ್ಲವನ್ನೂ ಬೇಯಿಸಿಯೇ ಕಳುಹಿಸಿದರಂತೆ.

ಅಪ್ಪ ನಕ್ಕರು. ಅಮ್ಮ ನಗಲಿಲ್ಲ. ಕಾಲ ಕೆಳಗಿನ ಕಲ್ಲನ್ನು ನೋಡಿ, “ಸೇತುವೆಗೇ ಮೊಟ್ಟೆ ಹಾಕುವ ಜನ, ಪುಣ್ಯಕ್ಕೆ ಊಟಕ್ಕೆ ಹಾಕಲಿಲ್ಲ” ಎಂದಳು. ಹಾಕಲಿಲ್ಲವೆಂದು ಯಾರು ಹೇಳಿದರು ಎಂದು ಕೇಳಿದೆ. ಮಾಣಿ ಎಂದರು ಇಬ್ಬರೂ. ಅವನು ನಿಖರವಾಗಿ ಏನೆಂದ ಎಂದೆ. ಅಪ್ಪ ಆ ಸ್ವರವನ್ನು ಹಾಗೆಯೇ ಅಭಿನಯಿಸಿ ತೋರಿಸಿದರು. ಚೆಕ್ ಭಾಷೆಯಲ್ಲಿ ‘ಅನೊ’ ಎಂದರೆ ಹೌದು ಎಂಬುದನ್ನು ನಾನು ಬಾಯಿಬಿಟ್ಟು ಹೇಳಲಿಲ್ಲ, ಆದರೆ ನನ್ನ ಮುಖ ಎಂದೂ ಗುಟ್ಟು ಕಾಯ್ದುಕೊಂಡದ್ದಲ್ಲ.

ನೆಪೊಮುಕ್‌ನ ಸಂತ ಯೋಹಾನನ ಪ್ರತಿಮೆಯವರೆಗೆ ಮೌನವಾಗಿ ನಡೆದೆವು. 1393ರಲ್ಲಿ ಈತನನ್ನು ಈ ಸೇತುವೆಯಿಂದಲೇ ನದಿಗೆ ಎಸೆದರು. ಪೀಠದ ಕಂಚಿನ ಫಲಕದಲ್ಲಿ ಆ ದೃಶ್ಯವನ್ನು ಮುಟ್ಟಿದರೆ ಒಳಿತಾಗುವುದೆಂದು ಮುಟ್ಟಿ ಮುಟ್ಟಿ ಜನ ಅದನ್ನು ಹೊಳೆಯುವಂತೆ ಮಾಡಿದ್ದಾರೆ. ಇನ್ನೊಂದು ಫಲಕದಲ್ಲಿ ನಾಯಿಯೊಂದಿದ್ದು, ಅದೂ ಹಾಗೆಯೇ ಹೊಳೆಯುತ್ತದೆ. ಅಪ್ಪ ಕಣ್ಣುಮುಚ್ಚಿ ಎರಡೂ ಕೈಯಿಂದ ನಾಯಿಯನ್ನು ಮುಟ್ಟಿ ನಮಸ್ಕರಿಸಿದರು. ಅಮ್ಮ ಕೊನೆಗೆ ಬಾಯಿ ತೆರೆದಳು: “ತಿಳಿಯದೆ ತಿಂದದ್ದಕ್ಕೆ ಕಾವೇರಿಯಲ್ಲಿ ಒಂದು ಮುಳುಗು ಹಾಕಿದರಾಯಿತು. ತಿಳಿದೂ ತಿಳಿದೂ ಇದರ ಮೇಲೆ ಹೇಗೆ ನಡೆಯಲಿ? ಬೇರೆ ಸೇತುವೆಯಿಂದ ಹೋಗೋಣ.” ಅಪ್ಪ ಹಿಂದೆ ಮುಂದೆ ನೋಡಿ ಅಳೆದರು. “ಈ ಸೇತುವೆ ಐನೂರು ಮೀಟರಿಗಿಂತ ಉದ್ದ. ನಾವಿರುವುದು ಹೆಚ್ಚುಕಡಿಮೆ ನಟ್ಟನಡುವೆ. ಎತ್ತ ಹೋದರೂ ಅಷ್ಟೇ ಮೊಟ್ಟೆ” ಎಂದರು. ಈ ಲೆಕ್ಕಕ್ಕೆ ಎದುರಾಡಲು ಅಮ್ಮನಿಗೂ ಆಗಲಿಲ್ಲ.

ರಾತ್ರಿ ಹನ್ನೊಂದರ ಕೊನೆಯ ಆಟ ತಪ್ಪಿದ್ದರ ಹೊಣೆ ಅಪ್ಪನ ಎಚ್‌ಎಂಟಿ ಗಡಿಯಾರದ್ದು. ಮದುವೆಯಲ್ಲಿ ಮಾವ ಕೊಟ್ಟ ಆ ಗಡಿಯಾರವನ್ನು ಅವರು ಯಾವ ದೇಶಕ್ಕೆ ಹೋದರೂ ಭಾರತದ ವೇಳೆಯಿಂದ ಕದಲಿಸುವುದಿಲ್ಲ. ಮನಸ್ಸಿನಲ್ಲೇ ಮೂರೂವರೆ ಗಂಟೆ ಕಳೆದುಕೊಳ್ಳುತ್ತಾರೆ. ನಿದ್ದೆಗಣ್ಣಿನಲ್ಲಿ ಚಳಿಗಾಲದ ಲೆಕ್ಕ ಹಿಡಿದು ನಾಲ್ಕೂವರೆ ಕಳೆದು, ನಮ್ಮಿಬ್ಬರನ್ನೂ ಎಬ್ಬಿಸಿ ಹೊರಡಿಸಿದರು. ನನ್ನ ಮೊಬೈಲು ಕೋಣೆಯಲ್ಲಿ ಚಾರ್ಜಿಗಿತ್ತು. ಚೌಕದಲ್ಲಿ ಜನವೇ ಇಲ್ಲದ್ದನ್ನು ಕಂಡು, ಮುಂದಿನ ಸಾಲಿನ ಜಾಗ ಸಿಕ್ಕಿತೆಂದು ಹಿಗ್ಗಿದೆವು. ಗಂಟೆ ಹೊಡೆಯಿತು, ಹನ್ನೆರಡು ಬಾರಿ. ಕಿಟಕಿಗಳು ತೆರೆಯಲಿಲ್ಲ. ಅಪೊಸ್ತಲರು ಆಗಲೇ ಮಲಗಿ ಒಂದು ಗಂಟೆಯಾಗಿತ್ತು.

ಭಾನುವಾರ ಬೆಳಿಗ್ಗೆ ಯಹೂದಿ ಬಡಾವಣೆಯಾದ ಯೊಸೆಫೊವ್‌ಗೆ ಹೋದಾಗ, ಅಲ್ಲಿನ ಹಳೆಯ ಪುರಭವನದ ಮೇಲೆ ಎರಡು ಗಡಿಯಾರಗಳಿದ್ದವು. ಮೇಲಿನದು ಎಲ್ಲರಂತೆ, ಕೆಳಗಿನದಕ್ಕೆ ಅಂಕಿಗಳ ಬದಲು ಹೀಬ್ರೂ ಅಕ್ಷರಗಳು, ಆ ಲಿಪಿ ಬಲದಿಂದ ಎಡಕ್ಕೆ ಸಾಗುವಂತೆ ಮುಳ್ಳುಗಳೂ ಹಿಮ್ಮುಖವಾಗಿ ತಿರುಗುತ್ತವೆ. ಅಮ್ಮ “ಅಪ್ರದಕ್ಷಿಣೆ!” ಎಂದು ಕೆನ್ನೆ ಬಡಿದುಕೊಂಡಳು. ಅಪ್ಪ ತಮ್ಮ ಎಚ್‌ಎಂಟಿಯನ್ನೊಮ್ಮೆ, ಅದನ್ನೊಮ್ಮೆ ನೋಡಿ, ಒಂದರಲ್ಲಿ ಕಳೆಯಬೇಕು, ಇನ್ನೊಂದರಲ್ಲಿ ತಿರುಗಿಸಬೇಕು ಎಂದು ತುಟಿ ಅಲ್ಲಾಡಿಸತೊಡಗಿದ್ದನ್ನು ಕಂಡು ನಾನು ಇಬ್ಬರ ಕೈಯನ್ನೂ ಹಿಡಿದು ಚೌಕಕ್ಕೆ ಎಳೆದುಕೊಂಡೇ ಹೋದೆ. ಹನ್ನೆರಡಕ್ಕೆ ನಾಲ್ಕು ನಿಮಿಷ ಉಳಿದಿತ್ತು, ಮಾತಾಡಬಾರದೆಂದು ಕರಾರಾಗಿತ್ತು.

ಈ ಬಾರಿ ನೋಡಿದೆವು. ನಮ್ಮ ಮುಂದಿನ ಆಜಾನುಬಾಹು ತನ್ನ ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡಿದ್ದರಿಂದ ಹನ್ನೆರಡರಲ್ಲಿ ಐದು ಅಪೊಸ್ತಲರು, ಅವರಲ್ಲೂ ಇಬ್ಬರು ಪಕ್ಕದವರ ಮೊಬೈಲಿನ ಪರದೆಯಲ್ಲಿ ಕಂಡರು. ಆದರೆ ಕೆಳಗಿನ ಬೊಂಬೆಗಳಿಗೆ ಅಡ್ಡಿಯಿರಲಿಲ್ಲ. ಮೃತ್ಯುವಾಗಿ ನಿಂತ ಅಸ್ಥಿಪಂಜರ ಹಗ್ಗ ಜಗ್ಗಿ ಗಂಟೆ ಬಾರಿಸಿ, ಹೊತ್ತಾಯಿತು ಬನ್ನಿ ಎನ್ನುತ್ತದೆ. ಹಣದ ಚೀಲ ಹಿಡಿದ ಜಿಪುಣ, ಕನ್ನಡಿ ಹಿಡಿದ ಸೊಗಸುಗಾರ, ಇವರೆಲ್ಲ ಒಲ್ಲೆವೆಂದು ತಲೆಯಾಡಿಸುತ್ತಾರೆ. “ಇದು ನೋ ತಾನೇ?” ಎಂದು ಅಪ್ಪ ನನ್ನ ಕಿವಿಯಲ್ಲಿ ಕೇಳಿದರು. ಹೌದೆಂದೆ. “ಕೇಳಿ ಖಚಿತ ಮಾಡಿಕೋ” ಎಂದಳು ಅಮ್ಮ.

ಉಳಿದದ್ದು ರೈಲು. ಭಾನುವಾರದ ರಾಹುಕಾಲ ಶುರುವಾಗುವುದು 4.30ಕ್ಕೆ, ರೈಲು ಹೊರಡುವುದೂ 4.30ಕ್ಕೆ. ಟಿಕೆಟ್ಟಿನ ಹಣ ಮುಳುಗಿತೆಂದೇ ನಾನು ತಿಳಿದಿದ್ದೆ. ಆದರೆ ಅಮ್ಮ ನಿಶ್ಚಿಂತೆಯಿಂದ ರೈಲು ಹತ್ತಿ ಕಿಟಕಿಯ ಪಕ್ಕ ಕುಳಿತು, “ಇಲ್ಲಿನ ಸೂರ್ಯೋದಯದ ಪ್ರಕಾರ ಐದು ಗಂಟೆಯ ಮೇಲೆ ಅಲ್ಲವೇನ್ರೀ?” ಎಂದಳು. ಐದು ಗಂಟೆ ಏಳು ನಿಮಿಷಕ್ಕೆ ಎಂದು ಅಪ್ಪ ದೃಢೀಕರಿಸಿದರು.

ರೈಲು ಎಲ್ಬೆ ನದಿಯ ಕಣಿವೆಗೆ ಇಳಿಯುತ್ತಿರುವಾಗ ಅಪ್ಪ ನಿದ್ದೆಹೋಗಿದ್ದರು. ತೊಡೆಯ ಮೇಲೆ ತೆರೆದೇ ಇದ್ದ ನೋಟುಪುಸ್ತಕವನ್ನು ನಾನು ಮೆಲ್ಲನೆ ಎತ್ತಿ ನೋಡಿದೆ. ಹದಿನೇಳರಲ್ಲಿ ಆರಕ್ಕೆ ಟಿಕ್ ಬಿದ್ದಿತ್ತು. ಕೆಥೆಡ್ರಲ್: ಕಾಮಗಾರಿ ವಿಳಂಬ, ಆದರೆ ತೃಪ್ತಿಕರ. ಟ್ರ್ಯಾಮ್: ಮುದ್ರೆಯ ನಿಯಮ ಅಸ್ಪಷ್ಟ. ಚಾರ್ಲ್ಸ್ ಸೇತುವೆ: ಮೊಟ್ಟೆಯ ವೆಚ್ಚಕ್ಕೆ ವೋಚರ್ ಇಲ್ಲ, ಅಡಿಯಲ್ಲಿ ಅಮ್ಮನ ಅಕ್ಷರದಲ್ಲಿ ‘ಊಟಕ್ಕೂ’ ಎಂದು ಸೇರಿಸಿತ್ತು. ಕ್ರಮಸಂಖ್ಯೆ ಒಂದರ ಮುಂದೆ ಹೀಗಿತ್ತು: ಗಡಿಯಾರ ಪರಿಶೀಲಿಸಲಾಯಿತು. ಐವರು ಹಾಜರು, ಏಳು ಮಂದಿ ಕಂಡುಬಂದಿಲ್ಲ. 24 ದಿನ ಮುಂದಿದೆ. ಅಕ್ಟೋಬರ್ 17ರಂದು ಮರುಪರಿಶೀಲಿಸುವುದು.