ಕೆಲಸ ಕಲಿತರೆ ಸಂಬಳ ಏರುತ್ತಾ?

"ಕೆಲಸ ಚೆನ್ನಾಗಿ ಕಲಿತುಕೋ, ಸಂಬಳ ತಾನಾಗಿ ಏರುತ್ತೆ." ಈ ಮಾತು ಕೇಳಿಕೊಂಡೇ ಬೆಳೆದವರು ನಾವು. ಮಕ್ಕಳಿಗೂ ಇದನ್ನೇ ಹೇಳುತ್ತೇವೆ. ಸರ್ಕಾರಗಳು ಕೌಶಲ ತರಬೇತಿಗೆ ದುಡ್ಡು ಸುರಿಯುವುದೂ ಇದೇ ನಂಬಿಕೆಯ ಮೇಲೆ. ಆದರೆ ಈ ನಂಬಿಕೆಯನ್ನು ನಮ್ಮ ಬೆಂಗಳೂರಿನಲ್ಲೇ, ಗಾರ್ಮೆಂಟ್ಸ್ ಹೆಣ್ಣುಮಕ್ಕಳ ನಡುವೆ, ಒರೆಗೆ ಹಚ್ಚಿ ನೋಡಿದ್ದಾರೆ. ಬಂದ ಉತ್ತರ ಎಲ್ಲರಿಗೂ ಗೊತ್ತಾಗಲಿ ಅಂತ ಬರೆಯುತ್ತಿದ್ದೇನೆ.

ಅಚ್ಯುತ ಅಧ್ವರ್ಯು, ನಮ್ರತಾ ಕಾಲಾ, ಅನಂತ್ ನೈಷಧಂ ಎಂಬ ಮೂವರು ಅರ್ಥಶಾಸ್ತ್ರಜ್ಞರು ಶಾಹಿ ಎಕ್ಸ್‌ಪೋರ್ಟ್ಸ್ ಎಂಬ ಗಾರ್ಮೆಂಟ್ಸ್ ಕಂಪನಿಯ ಐದು ಫ್ಯಾಕ್ಟರಿಗಳಲ್ಲಿ ಮಾಡಿದ ಅಧ್ಯಯನ ಇದು. ತರಬೇತಿಗೆ ಹೆಸರು ಕೊಟ್ಟ ಹೆಂಗಸರಲ್ಲಿ ಲಾಟರಿ ಎತ್ತಿ ಕೆಲವರನ್ನು ಆರಿಸಿದರು. ಕಲಿಸಿದ್ದು ಹೊಲಿಗೆಯನ್ನಲ್ಲ. ನಾಲ್ಕು ಜನರ ಮುಂದೆ ಮಾತಾಡುವುದು, ಸಮಯ ಹೊಂದಿಸಿಕೊಳ್ಳುವುದು, ತೊಂದರೆ ಬಂದಾಗ ದಾರಿ ಹುಡುಕುವುದು, ದುಡ್ಡಿನ ಲೆಕ್ಕ ಇಡುವುದು.

ಇದರಿಂದ ಹೊಲಿಗೆಗೆ ಏನು ಲಾಭ ಅಂತೀರಾ? ಒಂದು ಶರ್ಟು ಲೈನಿನಲ್ಲಿ ಸಾಗುವುದನ್ನು ನೋಡಬೇಕು. ಕಾಲರ್ ಕೂರಿಸುವವರು ಒಬ್ಬರು, ತೋಳು ಜೋಡಿಸುವವರು ಇನ್ನೊಬ್ಬರು, ಕಫ್ ಹಾಕುವವರು ಮತ್ತೊಬ್ಬರು. ಒಂದು ಮಿಷನ್ ಮುಂದೆ ಪೀಸ್ ರಾಶಿ ಬಿದ್ದರೆ ಮುಂದಿನವರಿಗೆ ಕೆಲಸವೇ ಇಲ್ಲ. ಅಷ್ಟರಲ್ಲಿ ಸೂಪರ್‌ವೈಸರ್ ಟಾರ್ಗೆಟ್ ಕೇಳಿಕೊಂಡು ಬರುತ್ತಾನೆ. ಇಂಥ ಕಡೆ "ಸರ್, ದಾರ ಕಿತ್ತು ಕಿತ್ತು ಹೋಗ್ತಿದೆ, ಮೆಕ್ಯಾನಿಕ್ಕನ್ನ ಕರೀರಿ" ಅಂತ ಹೆದರದೆ ಮೊದಲೇ ಹೇಳುವ ಒಬ್ಬ ಹೆಣ್ಣುಮಗಳು ಇಡೀ ಲೈನನ್ನು ಉಳಿಸುತ್ತಾಳೆ. ತರಬೇತಿ ಪಡೆದವರ ಕೆಲಸ ಚುರುಕಾಯಿತು. ಅವರ ಜೊತೆಗೆ ಕೂತವರ ಕೆಲಸವೂ ಸುಧಾರಿಸಿತು.

ಈಗ ಲೆಕ್ಕ ನೋಡಿ. ತರಬೇತಿ ಮುಗಿದ ಎಂಟು ತಿಂಗಳಿಗೆ, ಖರ್ಚೆಲ್ಲ ಕಳೆದು, ಕಂಪನಿಗೆ ಬಂದ ಲಾಭ ಹಾಕಿದ ದುಡ್ಡಿನ ಶೇ 258ರಷ್ಟು. ಆ ಹೆಂಗಸರ ಸಂಬಳ ಏರಿದ್ದು? ಶೇ 0.5. ನೂರು ರೂಪಾಯಿಗೆ ಐವತ್ತು ಪೈಸೆ.

ಇದನ್ನು ಓದಿದಾಗ ನನಗೆ ನಿಜಕ್ಕೂ ಸಂಕಟವಾಯಿತು. ಯಾರೂ ಕಾನೂನು ಮುರಿದಿಲ್ಲ. ತರಬೇತಿ ಕೊಟ್ಟಿದ್ದೂ ಒಳ್ಳೆಯದೇ. ಆದರೆ ಹೆಚ್ಚಿಗೆ ಹುಟ್ಟಿದ ದುಡ್ಡು ದುಡಿದವರ ಕೈಗೆ ಬರಲೇ ಇಲ್ಲ. ಹಾಗಂತ ತರಬೇತಿ ಪಡೆದವರು ಉಳಿದವರಿಗಿಂತ ಹೆಚ್ಚಾಗಿ ಕೆಲಸ ಬಿಟ್ಟು ಬೇರೆ ಕಡೆಗೂ ಹೋಗಲಿಲ್ಲ. ಹೋಗಿ ಮಾಡುವುದಾದರೂ ಏನು? ಪೀಣ್ಯದಲ್ಲಿರಲಿ, ಬೊಮ್ಮನಹಳ್ಳಿಯಲ್ಲಿರಲಿ, ಪಕ್ಕದ ಫ್ಯಾಕ್ಟರಿಯಲ್ಲೂ ಹೆಚ್ಚುಕಡಿಮೆ ಅದೇ ಕನಿಷ್ಠ ವೇತನ. ಗ್ರಾಚ್ಯುಟಿಗೆ ಐದು ವರ್ಷ ತುಂಬಬೇಕು ಅಂತ ಕಾಯುವವರು ಮಧ್ಯದಲ್ಲಿ ಬಿಟ್ಟರೆ ಅದೂ ಹೋಯಿತು. ಮಾತಾಡುವ ಧೈರ್ಯ ಬಂದಿದೆ ಅಂತ ಸರ್ಟಿಫಿಕೇಟ್ ತೋರಿಸಿದರೆ ಗೇಟಿನಲ್ಲಿ ಯಾರು ಸಂಬಳ ಜಾಸ್ತಿ ಕೊಡುತ್ತಾರೆ?

ಅಂದರೆ ಕೂಲಿ ನಿಂತಿರುವುದು ಬರೀ ಕೌಶಲದ ಮೇಲಲ್ಲ. "ಈ ದುಡ್ಡಿಗೆ ನಾನು ಬರಲ್ಲ" ಅನ್ನುವ ಶಕ್ತಿ ಯಾರಿಗಿದೆ ಅನ್ನುವುದರ ಮೇಲೂ ನಿಂತಿದೆ. ಆ ಶಕ್ತಿ ಒಬ್ಬೊಬ್ಬರಾಗಿ ನಿಂತರೆ ಬರುವುದಿಲ್ಲ, ಒಟ್ಟಾಗಿ ನಿಂತಾಗ ಬರುತ್ತದೆ.

ಒಡಿಶಾದ 183 ಹಳ್ಳಿಗಳಲ್ಲಿ ಎಮಿಲಿ ಬ್ರೇಜಾ, ಸುಪ್ರೀತ್ ಕೌರ್, ನಂದಿತಾ ಕೃಷ್ಣಸ್ವಾಮಿ ಎಂಬ ಅರ್ಥಶಾಸ್ತ್ರಜ್ಞರು ಮಾಡಿದ ಪ್ರಯೋಗ ಇದನ್ನೇ ತೋರಿಸುತ್ತದೆ. ಕೆಲಸ ಕೊಟ್ಟವರು ಆಯಾ ಊರಿನ ರೈತರೇ. ಕೆಲವರಿಗೆ ಮನೆಯೊಳಗೆ, ಗುಟ್ಟಾಗಿ, ಊರಲ್ಲಿ ನಡೆಯುತ್ತಿರುವ ಕೂಲಿಗಿಂತ ಕಡಿಮೆಗೆ ಕರೆದರು. ಸುಮಾರು ಶೇ 18ರಷ್ಟು ಜನ ಒಪ್ಪಲು ತಯಾರಿದ್ದರು. ಬಡತನ ಅಂಥದ್ದು. ಅದೇ ಕರೆಯನ್ನು ಬೀದಿಯಲ್ಲಿ, ಉಳಿದ ಕೂಲಿಯವರ ಎದುರಿಗೆ ಕೊಟ್ಟಾಗ ಒಪ್ಪಿದವರು ತೀರಾ ವಿರಳ. ವಾರದ ಸಂಪಾದನೆಯಲ್ಲಿ ಸುಮಾರು ಅರ್ಧದಷ್ಟು, ಶೇ 49, ಬಿಟ್ಟುಕೊಟ್ಟರು. ಆದರೆ ಕೂಲಿ ಇಳಿಸಿದವರು ಅನ್ನಿಸಿಕೊಳ್ಳಲು ಒಪ್ಪಲಿಲ್ಲ. ಅಲ್ಲಿ ಸಂಘವಿಲ್ಲ, ಬಾವುಟವಿಲ್ಲ. "ರೇಟು ಕೆಡಿಸಬೇಡ" ಅನ್ನುವ ಕಟ್ಟುಪಾಡು ಮಾತ್ರ ಇದೆ.

ನಮ್ಮ ಕಡೆಯೂ ಜಮೀನಿನವರು "ಆಳುಗಳೆಲ್ಲ ಒಂದಾಗಿಬಿಟ್ಟಿದ್ದಾರೆ" ಅಂತ ಗೊಣಗುವುದು ಹೊಸದೇನಲ್ಲ. ಒಂದಾಗದೆ ಇದ್ದಿದ್ದರೆ ಅವರ ಕೂಲಿ ಎಲ್ಲಿರುತ್ತಿತ್ತು? ಇದಕ್ಕೆ ಬೆಲೆಯೂ ಇದೆ, ಅದನ್ನು ಮುಚ್ಚಿಡಬಾರದು. ಕೆಲಸ ಕಡಿಮೆ ಇರುವ ದಿನಗಳಲ್ಲಿ ಕೂಲಿ ಇಳಿಯದಿದ್ದರೆ ಕೆಲವರು ಸುಮ್ನೆ ಮನೆಯಲ್ಲಿ ಕೂರಬೇಕಾಗುತ್ತದೆ. ಹೆಣ್ಣಾಳಿಗೆ ಕಡಿಮೆ, ಗಂಡಾಳಿಗೆ ಜಾಸ್ತಿ ಅನ್ನುವ ಅನ್ಯಾಯವನ್ನು ಕಾಪಾಡಿಕೊಂಡು ಬಂದಿರುವುದೂ ಊರಿನ ಕಟ್ಟುಪಾಡೇ. ಇಷ್ಟಿದ್ದರೂ, ಉಪವಾಸ ಬಿದ್ದರೂ ರೇಟು ಕೆಡಿಸೆನು ಅಂದವರ ಬಗ್ಗೆ ನನಗೆ ಗೌರವ ಇದೆ.

ಬೆಂಗಳೂರಿನ ಹೆಣ್ಣುಮಕ್ಕಳೂ ಒಮ್ಮೆ ಹೀಗೆ ನಿಂತಿದ್ದರು. ಕೇಂದ್ರ ಸರ್ಕಾರ ಪಿಎಫ್ ನಿಯಮ ಬದಲಿಸಿ, ಮಾಲೀಕರು ಕಟ್ಟಿದ ಪಾಲನ್ನು 58 ವರ್ಷದವರೆಗೆ ತೆಗೆಯುವಂತಿಲ್ಲ ಅಂದಿತ್ತು. 2016ರ ಏಪ್ರಿಲ್‌ನಲ್ಲಿ ಇದರ ವಿರುದ್ಧ ಸಾವಿರಾರು ಜನ ಮಿಷನ್ ಬಿಟ್ಟು ಹೊಸೂರು ರಸ್ತೆಗೆ ಬಂದರು. ಕರೆ ಕೊಟ್ಟ ದೊಡ್ಡ ಮುಖಂಡರು ಯಾರೂ ಇರಲಿಲ್ಲ. ಲಾಠಿ ಏಟೂ ಬಿತ್ತು. ಎರಡೇ ದಿನದಲ್ಲಿ ಸರ್ಕಾರ ನಿಯಮ ವಾಪಸ್ ಪಡೆಯಿತು. ಆ ಹಣ ಅವರಿಗೆ ಮಗಳ ಮದುವೆ, ಆಸ್ಪತ್ರೆ ಖರ್ಚು, ಊರಿನ ಸಾಲ. ಟ್ರಾಫಿಕ್ ಜಾಮ್ ಆಯಿತು ಅಂತ ಅವತ್ತು ಬೈದವರಿಗೆ ಅದು ಅರ್ಥವಾಗಿರಲಿಕ್ಕಿಲ್ಲ.

ಹಾಗಾಗಿ ಕೌಶಲ ತರಬೇತಿಯ ಹೊಸ ಯೋಜನೆ ಬಂದಾಗ ಎಷ್ಟು ಜನಕ್ಕೆ ಸರ್ಟಿಫಿಕೇಟ್ ಸಿಕ್ಕಿತು ಅಂತ ಮಾತ್ರ ಕೇಳಬೇಡಿ. ಕಲಿತವರ ಸಂಬಳ ಎಷ್ಟು ಏರಿತು ಅಂತಲೂ ಕೇಳಿ. ಸರ್ಕಾರದ ದುಡ್ಡಿನಲ್ಲಿ ತರಬೇತಿ ನಡೆಯುವ ಕಡೆ, ಕಲಿತವರಿಗೆ ಇಷ್ಟು ಸಂಬಳ ಏರಿಸಬೇಕು ಅನ್ನುವ ಷರತ್ತು ಇರಲಿ. ಐದು ವರ್ಷಕ್ಕೊಮ್ಮೆಯಾದರೂ ಕನಿಷ್ಠ ವೇತನ ಪರಿಷ್ಕರಿಸಬೇಕು ಅಂತ ಕಾನೂನೇ ಹೇಳುತ್ತದೆ, ಅದು ತಡವಾಗದಿರಲಿ. ಸಂಘ ಕಟ್ಟಲು ಹೊರಟವರನ್ನು ಗೇಟಿನಾಚೆ ನಿಲ್ಲಿಸುವ ಚಾಳಿ ನಿಲ್ಲಲಿ. ನಿಮ್ಮ ಮನೆಯಲ್ಲಿ, ಓಣಿಯಲ್ಲಿ ಗಾರ್ಮೆಂಟ್ಸ್‌ಗೆ ಹೋಗುವವರಿದ್ದರೆ ಈ ಶೇ 0.5ರ ಲೆಕ್ಕವನ್ನು ಅವರಿಗೂ ಹೇಳಿ.